ಸಸ್ಯಾಹಾರಿ ನಾಯಿಯ ಗಂಟಲ ಮೂಳೆ

ಹೋದ ವಾರ ಈ ಅಂಕಣ ಯಾಕೆ ಬರಲಿಲ್ಲ ಅಂತ ಕೇಳಿದವರಿಗೆಲ್ಲ ಒಂದೇ ಉತ್ತರ. ಬರೆಯುವ ಕೈ ನಾಯಿಯ ಬಾಯೊಳಗಿತ್ತು.

ತಮಾಷೆಯಲ್ಲ, ನಿಜವಾಗಿಯೂ ಇತ್ತು. ನಮ್ಮ ಮನೆಯ ನಾಯಿ ಮೇಸ್ತ್ರಿ (ಹಿತ್ತಲಿಗೆಲ್ಲ ಪಾಯ ತೆಗೆದು ಸಂಪಾದಿಸಿದ ಹೆಸರು) ಒಂದು ಬೆಳಿಗ್ಗೆ ಎದ್ದವನೇ ಕತ್ತು ಮುಂದೆ ಚಾಚಿ ಖೊಕ್ ಖೊಕ್ ಅಂತ ಕೆಮ್ಮಲು ಶುರು ಮಾಡಿದ. ಕೆಮ್ಮಿ ಕೆಮ್ಮಿ ಓಕರಿಸುವುದು, ಒಂದಿಷ್ಟು ಬಿಳಿ ನೊರೆ ಕಕ್ಕುವುದು, ನಮ್ಮ ಮುಖ ನೋಡುವುದು, ಮತ್ತೆ ಖೊಕ್. ಯಜಮಾನರು ಟಾರ್ಚ್ ಹಿಡಿದರು. ನಾನು ದವಡೆ ಬಿಡಿಸಿ ಬೆರಳು ಹಾಕಿದೆ. ನಾಲಿಗೆ ಬಿಟ್ಟರೆ ಬೇರೇನೂ ಸಿಗಲಿಲ್ಲ.

"ಮೂಳೆ ಸಿಕ್ಕಂಜು," ಗಂಟಲಿಗೆ ಸಿಕ್ಕಿಕೊಂಡಿದೆ ಅಂತ ತೀರ್ಪು ಕೊಟ್ಟರು ಅತ್ತಿಗೆ.

ಅತ್ತಿಗೆ ಅಂದರೆ ಯಜಮಾನರ ಅಕ್ಕ, ಬಿಳಗಿಯವರು. ಕಣ್ಣಿನ ಪೊರೆ ತೋರಿಸಲು ಶಿರಸಿಗೆ ಬಂದು ನಮ್ಮಲ್ಲಿ ಉಳಿದಿದ್ದರು. (ಪೊರೆ ಬಂದ ಕಣ್ಣಿಗೆ ಗಂಟಲೊಳಗಿನ ಮೂಳೆ ಕಂಡದ್ದು ಹೇಗೆ ಅಂತ ನೀವು ಕೇಳಬೇಡಿ. ನಾನೂ ಕೇಳಲಿಲ್ಲ.)

ಆದರೆ ನಮ್ಮ ಮನೆಗೆ ಮೂಳೆ ಎಲ್ಲಿಂದ ಬರಬೇಕು? ಮೇಸ್ತ್ರಿ ಮರಿಯಾಗಿದ್ದಾಗಿಂದ ಮೊಸರನ್ನದವನು. ಏಕಾದಶಿಯ ದಿನ ಅವಲಕ್ಕಿಯನ್ನೂ ತಕರಾರಿಲ್ಲದೆ ತಿಂದವನು. ಅತ್ತಿಗೆ ಎದುರು ಮನೆಯ ಗೇಟಿನ ಕಡೆ ಗಲ್ಲ ಎತ್ತಿದರು. "ಮತ್ಯಾರು? ಅವೇ ಹಾಕಿಕ್ಕು."

ಎದುರು ಮನೆ ರಜಿಯಾಳದು. ಗಂಡನದು ಶಿರಸಿ, ಯಲ್ಲಾಪುರ, ಹುಬ್ಬಳ್ಳಿ ಅಂತ ಓಡಾಡುವ ಗೂಡ್ಸ್ ಗಾಡಿ. ಸಂಜೆ ರೊಟ್ಟಿ ಮಾಡುವಾಗ ಉಬ್ಬದೇ ಉಳಿದದ್ದು ಮೇಸ್ತ್ರಿಗೆ. ಅವಳು ನಮ್ಮ ಗೇಟಿಗೆ ಬಂದು ಕರೆದು ಕೊಟ್ಟು ಹೋಗುತ್ತಾಳೆ. ಅವಳ ಮನೆಯೊಳಗೆ ನಾಯಿಗೆ ಪ್ರವೇಶವಿಲ್ಲ. ನಮ್ಮ ಅಡುಗೆಮನೆಗೂ ಇಲ್ಲ. ನಮ್ಮ ಬೆಕ್ಕು ಜೀರಿಗೆಗೆ ಮಾತ್ರ ಎರಡೂ ಮನೆಯ ಒಲೆಬುಡದ ತನಕ ಪಾಸ್‌ಪೋರ್ಟ್. ನಾಯಿ ಹೊರಗೆ, ಬೆಕ್ಕು ಒಳಗೆ ಅನ್ನುವುದರಲ್ಲಿ ಈ ಎರಡು ಮನೆಗಳಿಗಿರುವ ಒಮ್ಮತ ನಮ್ಮ ಓಣಿಯಲ್ಲಿ ಯಾರಿಗಾದರೂ ಕಂಡಿದೆಯಾ?

ಚಿಕಿತ್ಸೆ ಶುರುವಾಯಿತು. ಮೂಳೆ ಕೆಳಗಿಳಿಯಲಿ ಅಂತ ಅತ್ತಿಗೆ ಬಾಳೆಹಣ್ಣು ತಿನ್ನಿಸಿದರು. ಒಂದಾಯಿತು, ಎರಡಾಯಿತು, ಮೇಸ್ತ್ರಿ ಮೂರನೆಯದಕ್ಕೆ ಬಾಲ ಅಲ್ಲಾಡಿಸಿದ. ಗಂಟಲಿಗೆ ಮೂಳೆ ಸಿಕ್ಕಿಸಿಕೊಂಡವನು ಹೀಗೆ ನುಂಗುತ್ತಾನಾ ಅಂದೆ. "ಅಡ್ಡ ಸಿಕ್ಕಂಜು, ಬದೀಲಿ ಜಾಗ ಇದ್ದು," ಅಂದರು. ಸೋಲೊಪ್ಪುವ ಪೈಕಿಯವರಲ್ಲ.

ಸಂಜೆಯೊಳಗೆ ಸುದ್ದಿ ಹಾಲಿನ ಬೂತ್ ಮುಟ್ಟಿತು (ಹಾಲು ತರಲು ಹೋದವರು ಅತ್ತಿಗೆಯೇ). ರಾತ್ರಿ ಊಟದ ಹೊತ್ತಿಗೆ ಓಣಿಯ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಮೆಸೇಜ್. 'ದಯವಿಟ್ಟು ಸಸ್ಯಾಹಾರಿಗಳ ಮನೆಯ ನಾಯಿಗಳಿಗೆ ಮೂಳೆ ಹಾಕಬೇಡಿ.' ಕೆಳಗೆ ಕೈ ಮುಗಿದ ಚಿತ್ರ. ಯಾರ ಹೆಸರೂ ಇಲ್ಲ. ಹೆಸರು ಬೇಕಿತ್ತಾ? ಓಣಿಯಲ್ಲಿ ಮೂಳೆ ಬೇಯುವ ಮನೆ ಇರುವುದೇ ಒಂದು. ಅದರ ಕೆಳಗೆ ಸಾಲಾಗಿ ಹೆಬ್ಬೆರಳುಗಳು. ನಾನು ಮೇಸ್ತ್ರಿಯ ಎದೆ ಸವರುತ್ತಾ ಕೂತು ಇದನ್ನು ನೋಡುವಷ್ಟರಲ್ಲಿ ಅವುಗಳ ಕೆಳಗೆ ಇನ್ನೊಂದು ಸಾಲು ಬಂದಿತ್ತು. 'ರಜಿಯಾ ಲೆಫ್ಟ್.'

ನನಗೆ ಮೈ ಉರಿಯಿತು. ನಾವು ಊರಲ್ಲಿಲ್ಲದಾಗ ನಮ್ಮ ಬೆಕ್ಕಿಗೆ ಹಾಲು ಹಾಕುವವಳು ಅವಳು. ನಮ್ಮ ಮನೆಯ ಇನ್ನೊಂದು ಬೀಗದ ಕೈ ಇರುವುದು ಅವಳ ಹತ್ತಿರ.

ಮರುದಿನ ಬೆಳಿಗ್ಗೆ ಜೀರಿಗೆ ಸೀನಿತು. ಒಂದಲ್ಲ, ಸಾಲು ಸಾಲು. ಮೂಗು ಸೋರುತ್ತಿತ್ತು, ಕಣ್ಣಲ್ಲಿ ಗೀಜು. ಮಧ್ಯೆ ಸಣ್ಣ ಕೆಮ್ಮು.

"ಇದಕ್ಕೂ ಮೂಳೆಯೇನು ಅತ್ತಿಗೆ?" ಅಂದೆ. ಅತ್ತಿಗೆ ದೇವರಿಗೆ ಹೂ ಕೊಯ್ಯಲು ಹೋದರು.

ಇಬ್ಬರನ್ನೂ ಕರೆದುಕೊಂಡು ದನದ ಡಾಕ್ಟರ ಹತ್ತಿರ ಓಡಿದೆವು. ಬೆಕ್ಕು ಬುಟ್ಟಿಯಲ್ಲಿ, ನಾಯಿ ತೊಡೆಯ ಮೇಲೆ, ಯಜಮಾನರ ಬಿಳಿ ಪಂಚೆ ಕೆಸರಲ್ಲಿ. ಡಾಕ್ಟರು ಮೇಸ್ತ್ರಿಯ ಕತ್ತಿನ ಮುಂಭಾಗ ಮೆಲ್ಲಗೆ ಒತ್ತಿದ್ದೇ ತಡ, ಖೊಕ್ ಖೊಕ್. ಗಂಟಲನ್ನೂ ಪರೀಕ್ಷೆ ಮಾಡಿದರು. ಮೂಳೆ ಇಲ್ಲ, ಚೂರೂ ಇಲ್ಲ.

"ಇತ್ತೀಚೆಗೆ ಎಲ್ಲಾದ್ರೂ ತುಂಬಾ ನಾಯಿ ಇರೋ ಕಡೆ ಬಿಟ್ಟಿದ್ರಾ?"

ಬಿಟ್ಟಿದ್ದೆವು. ಬಿಳಗಿಯಲ್ಲಿ ಅತ್ತಿಗೆಯ ಹೊಸ ಮನೆಯ ಗೃಹಪ್ರವೇಶ. "ನಾಯಿ ತರಡ ಮಾರಾಯ, ಬಂದ ನೆಂಟರ ನಡುವೆ ಎಂತಕ್ಕೆ," ಅಂತ, ನಾಯಿಯನ್ನು ತರಲೇಬಾರದೆಂದು, ತಮ್ಮನಿಗೆ ಮುಂಚೆಯೇ ಫೋನು ಬಂದಿತ್ತು. ಒಂಟಿಯಾಗಿ ಬಿಟ್ಟರೆ ಮೇಸ್ತ್ರಿ ಓಣಿಗೆಲ್ಲ ಕೇಳುವಂತೆ ಊಳಿಡುತ್ತಾನೆ. ಹಾಗಾಗಿ ಹುಬ್ಬಳ್ಳಿಯ ಒಂದು ನಾಯಿ ಹಾಸ್ಟೆಲ್ಲಿಗೆ ಸೇರಿಸಿ, ಕಾರ್ಯ ಮುಗಿಸಿ ಕರೆತಂದಿದ್ದೆವು.

"ಅಲ್ಲಿಂದಲೇ ಹತ್ತಿರಬೇಕು. ಕೆನಲ್ ಕಾಫ್ ಅಂತೀವಿ. ಒಂದು ಕೆಮ್ಮಿದ್ರೆ ಸಾಕು, ಪಕ್ಕದ್ದಕ್ಕೆ ಬರುತ್ತೆ. ಇದರ ಒಂದು ಬ್ಯಾಕ್ಟೀರಿಯಾ ಬೆಕ್ಕಿಗೂ ದಾಟುತ್ತೆ. ಎರಡೂ ಒಂದೇ ಬಟ್ಟಲಲ್ಲಿ ನೀರು ಕುಡೀತಾವಾ?"

ಬಟ್ಟಲೊಂದೇ ಏನು, ಮಲಗುವ ಗೋಣಿಯೂ ಒಂದೇ. ನಾಯಿ ಬೆಕ್ಕಿನ ಹಾಗೆ ಕಚ್ಚಾಡಬೇಡಿ ಅಂತ ಮಕ್ಕಳಿಗೆ ಬೈಯುತ್ತೇವಲ್ಲ, ನಮ್ಮ ನಾಯಿ ಬೆಕ್ಕಿಗೆ ಆ ಮಾತು ಯಾರೂ ಹೇಳಿಕೊಟ್ಟಿರಲಿಲ್ಲ.

ರೇಬೀಸ್ ಇಂಜೆಕ್ಷನ್ ಹಾಕಿಸಿದ್ದೇವೆ ಅಂದೆ. ಅದು ಬೇರೆ ಇದು ಬೇರೆ, ಹಾಸ್ಟೆಲ್ಲಿಗೆ ಬಿಡುವ ಮೊದಲು ಈ ಕೆಮ್ಮಿನ ಲಸಿಕೆ ಕೇಳಬೇಕಿತ್ತು ಅಂದರು. ಇಬ್ಬರನ್ನೂ ಬೇರೆ ಬೇರೆ ಕೋಣೆಯಲ್ಲಿಡಿ, ಬಟ್ಟಲು ಬೇರೆ ಮಾಡಿ, ಮುಟ್ಟಿದ ಮೇಲೆ ಕೈ ತೊಳೆಯಿರಿ, ಕತ್ತಿನ ಪಟ್ಟಿ ತೆಗೆದು ಎದೆಗೆ ಕಟ್ಟುವ ಪಟ್ಟಿ ಹಾಕಿ. ಬೆಕ್ಕು ಊಟ ಬಿಟ್ಟರೆ, ಉಸಿರಿಗೆ ಕಷ್ಟಪಟ್ಟರೆ ಕೂಡಲೇ ತನ್ನಿ. ಮನುಷ್ಯರಿಗೆ ಬರುವುದು ತೀರಾ ಅಪರೂಪ, ಆದರೂ ಮೈಯಲ್ಲಿ ಶಕ್ತಿ ಇಲ್ಲದವರು ದೂರ ಇದ್ದರೆ ಒಳ್ಳೆಯದು.

ಮನೆಗೆ ಬಂದು ಅತ್ತಿಗೆಗೆ ಅಷ್ಟನ್ನೂ ಹೇಳಿದೆ. ಕೇಳಿಸಿಕೊಂಡರು. "ಆದ್ರೂ ಬೆಕ್ಕು ಹಾಲು ಕುಡಿದಿದ್ದು ಅವರ ಮನೇಲೇ ಅಲ್ದಾ?" ಅಂದರು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತ ಕೇಳಿದ್ದೆ. ಕಣ್ಣಾರೆ ಕಂಡದ್ದು ಅವತ್ತು. "ನಾಯಿನ ಹುಬ್ಬಳ್ಳಿಗೆ ಕಳ್ಸಿದ್ದು ನಂಗ. ತರಡ ಅಂದಿದ್ದು ನಿಂಗ. ಇದ್ರಲ್ಲಿ ರಜಿಯಾ ಎಲ್ಲಿ ಬಂತು?" ಅಂದೆ. ಮದುವೆಯಾಗಿ ಬಂದ ಮೇಲೆ ಅತ್ತಿಗೆಗೆ ನಾನು ಎದುರಾಡಿದ್ದು ಅದೇ ಮೊದಲು. ಯಜಮಾನರು ಪಂಚೆ ಒಗೆಯುವ ನೆಪದಲ್ಲಿ ಬಚ್ಚಲು ಸೇರಿದರು.

ಗ್ರೂಪಿಗೂ ಬರೆದೆ. 'ನಮ್ಮ ನಾಯಿಯ ಗಂಟಲಲ್ಲಿ ಮೂಳೆ ಇರಲಿಲ್ಲ. ಹುಬ್ಬಳ್ಳಿಗೆ ನಾವೇ ಕಳಿಸಿ, ನಾವೇ ತಂದ ಅಂಟು ಕೆಮ್ಮು. ಬೆಕ್ಕಿಗೂ ಬಂದಿದೆ. ಯಾರೂ ಏನೂ ಹಾಕಿಲ್ಲ. ರಜಿಯಾಳನ್ನು ವಾಪಸ್ ಸೇರಿಸಿ.'

ಒಂದು ಹೆಬ್ಬೆರಳೂ ಇಲ್ಲ. ಬಹಳ ಹೊತ್ತಿನ ಮೇಲೆ ಅಡ್ಮಿನ್ನರ ಅಪ್ಪಣೆ ಬಂತು. 'ಗ್ರೂಪಿನಲ್ಲಿ ವೈಯಕ್ತಿಕ ವಿಷಯ ಬೇಡ.'

ಹೌದಾ? ಮೂಳೆ ಅಂದಾಗ ಅದು ಊರಿನ ಹಿತ, ಮೂಳೆ ಇಲ್ಲ ಅಂದಾಗ ವೈಯಕ್ತಿಕವಾ? ಸಿಟ್ಟಿಗೆ ನಾನೂ ಗ್ರೂಪ್ ಬಿಡುತ್ತಿದ್ದೆ. ಬಿಟ್ಟರೆ ಅವರಿಗೆ ಆರಾಮ ಅನ್ನಿಸಿ ಉಳಿದೆ. ಈಗ ದಿನಾ ಬೆಳಿಗ್ಗೆ ಎಲ್ಲರೂ ಗುಲಾಬಿ ಹೂವಿನ ಗುಡ್ ಮಾರ್ನಿಂಗ್ ಹಾಕುವ ಹೊತ್ತಿಗೆ ನಾನು ಅದೇ ಮೆಸೇಜ್ ಹಾಕುತ್ತೇನೆ.

ಆಮೇಲೆ ರಜಿಯಾಳ ಗೇಟಿಗೆ ಹೋದೆ. ಡಾಕ್ಟರು ಹೇಳಿದ್ದನ್ನು ಬೇಕಂತಲೇ ಗಟ್ಟಿಯಾಗಿ ಹೇಳಿದೆ. ಅಕ್ಕಪಕ್ಕದ ಕಿಟಕಿಗಳಿಗೆ ಕೇಳಲಿ ಅಂತ.

ಅವಳು ಸೆರಗಿಗೆ ಕೈ ಒರೆಸಿಕೊಂಡಳು. "ಅಕ್ಕಾ, ನಾನು ಮೂಳೆ ಹಾಕಿದ್ರೆ ಅವನು ಮೊಸರನ್ನ ತಿನ್ನೋಕೆ ನಿಮ್ಮನೆಗೆ ವಾಪಸ್ ಬರ್ತಿದ್ನಾ?"

ಇಬ್ಬರೂ ನಕ್ಕೆವು. ಆಮೇಲೆ ಅವಳು ನಗಲಿಲ್ಲ. "ನಮ್ಮತ್ತೆ ಆ ಮೆಸೇಜ್ ಓದಿಸ್ಕೊಂಡ್ರು. ಇನ್ಮೇಲೆ ಅವರ ಗೇಟಿಗೆ ಹೋಗ್ಬೇಡ, ನಾಳೆ ಬೇರೆ ಏನಾದ್ರೂ ಆದ್ರೂ ನಮ್ಮ ತಲೆಗೇ ಕಟ್ತಾರೆ ಅಂದ್ರು. ಅತ್ತೆ ಹೇಳಿದ್ದು ತಪ್ಪಾ ಅಕ್ಕಾ?"

"ನೀ ಬರಬೇಡ, ನಾನೇ ಬರ್ತೇನೆ," ಅಂದೆ.

ಹೋಗುತ್ತಿದ್ದೇನೆ. ಜೀರಿಗೆ ಸೀನುವುದು ಬಿಟ್ಟಿದೆ, ಮೇಸ್ತ್ರಿ ಆಗೊಮ್ಮೆ ಈಗೊಮ್ಮೆ ಕೆಮ್ಮುತ್ತಾನೆ. ಅವನ ರೊಟ್ಟಿಯನ್ನು ದಿನಾ ಸಂಜೆ ಓಣಿ ತುಂಬಾ ಜನ ಇರುವ ಹೊತ್ತಿಗೇ ಹೋಗಿ ತರುತ್ತೇನೆ. ತಟ್ಟೆಗೆ ಮುಚ್ಚಳ ಹಾಕುವುದಿಲ್ಲ. ನೋಡುವವರು ಚೆನ್ನಾಗಿ ನೋಡಲಿ.

ಅತ್ತಿಗೆ ಬಿಳಗಿಗೆ ವಾಪಸಾದರು. ನಿನ್ನೆ ಫೋನ್ ಮಾಡಿದ್ದರು. ಬಸ್ಸಿನಲ್ಲಿ ಪಕ್ಕ ಕೂತವರಿಗೆ ವಿಪರೀತ ನೆಗಡಿಯಂತೆ, ಇಳಿದ ಮಾರನೇ ದಿನದಿಂದ ಇವರಿಗೂ ಶುರುವಂತೆ, ಮಾತಿಗೊಮ್ಮೆ ಖೊಕ್ ಖೊಕ್.

ಯಾರ ಮನೆಯ ಮೂಳೆ ಅಂತ ಕೇಳಲಾ?