ಮಠದ ನೀರು

ಹೆಸ್ಟರ್ ಪ್ರಾಬರ್ಟ್‌ಳ ಅಡುಗೆಮನೆಯ ಹಿಂಗೋಡೆ ಬೆನೆಡಿಕ್ಟಿನ್ ಪಂಥದ ಕ್ರೈಸ್ತ ಸನ್ಯಾಸಿಗಳು ಕಟ್ಟಿದ್ದು. ನಾಲ್ಕು ಶತಮಾನದ ಹಿಂದೆ ಅರಸ ಮಠಗಳನ್ನೆಲ್ಲ ಮುಚ್ಚಿಸಿದಾಗ ಈ ಪುಟ್ಟ ಮಠದ ಛಾವಣಿಗೆ ಹೊದಿಸಿದ್ದ ಸೀಸದ ತಗಡು ಹೋಯಿತು, ಗಂಟೆ ಹೋಯಿತು, ಕೆತ್ತಿದ ಕಲ್ಲುಗಳು ಸುತ್ತಲಿನ ಕೊಟ್ಟಿಗೆಗಳನ್ನು ಸೇರಿದವು. ಉಳಿದದ್ದು ಒಂದು ಕಮಾನು, ಈ ಗೋಡೆ, ಗೋಡೆಯ ಹೊರಗೊಂದು ಉದ್ದನೆಯ ಕಲ್ಲುಬಾನಿ. ಅದರಲ್ಲಿ ಹೆಸ್ಟರ್‌ಳ ಕೋಳಿಗಳು ಮೊಟ್ಟೆಯಿಡುತ್ತಿದ್ದವು.

ನಾನು ಪಕ್ಕದ ಹೊಲದವಳು. ನಮ್ಮ ಹೆರಿಫರ್ಡ್ ಗುಡ್ಡಗಳ ಹೆಂಗಸರೆಲ್ಲ ನೀರು ಹೊತ್ತವರೇ, ಆದರೆ ಹೆಸ್ಟರ್‌ಳ ದಾರಿಯಷ್ಟು ಕಡಿದಾದದ್ದು ಯಾರದೂ ಅಲ್ಲ. ಅಡುಗೆಗೆ, ಒಗೆತಕ್ಕೆ, ಬೆಣ್ಣೆ ತೊಳೆಯಲು, ಹಂದಿಗಳಿಗೆ, ಎಲ್ಲಕ್ಕೂ ಗುಡ್ಡದ ಮೇಲೆ ನೆಲದಿಂದ ನೀರುಕ್ಕುವ ಊಟೆಯಿಂದ ಅವಳೇ ತರಬೇಕು. ಐವತ್ತು ದಾಟಿದ ಮೇಲೆ ಬಲಭುಜ ಮೇಲೇಳುತ್ತಿರಲಿಲ್ಲ. ಪೈಪ್ ಹಾಕಿಸೋಣ ಎಂದಾಗಲೆಲ್ಲ ಗಂಡ ಏಮಸ್ "ಮುಂದಿನ ವರ್ಷ ನೋಡೋಣ" ಎನ್ನುತ್ತಿದ್ದ.

ಒಂದು ಬೇಸಿಗೆ, ಹಳೆಯ ಮಠಗಳ ಚಿತ್ರ ಬರೆಯುವ ಟೀಚರೊಬ್ಬರು ಬಂದರು. ಬಾನಿ ಕಂಡು, "ಊಟಕ್ಕೆ ಮೊದಲು ಸನ್ಯಾಸಿಗಳು ಇಲ್ಲೇ ಕೈ ತೊಳೀತಿದ್ರು" ಎಂದರು.

"ನೀರು ಯಾರು ಹೊರ್ತಿದ್ರು?" ಹೆಸ್ಟರ್ ಕೇಳಿದಳು.

"ಯಾರೂ ಇಲ್ಲಮ್ಮ. ಊಟೆಯಿಂದ ಕಲ್ಲಿನ ಕಾಲುವೆ ಇತ್ತು, ತಾನಾಗೇ ಹರಿದು ಬರ್ತಿತ್ತು."

ಹೆಸ್ಟರ್ ಬಕೆಟ್ ಕೆಳಗಿಟ್ಟು ನನ್ನತ್ತ ತಿರುಗಿದಳು. "ಕೇಳಿದ್ಯೇನೇ ಮೆಗನ್? ಹೊರೋಕೆ ಹೆಂಡ್ತಿ ಇರಲಿಲ್ವಲ್ಲ, ಅದಕ್ಕೇ ಕಾಲುವೆ ಕಟ್ಕೊಂಡ್ರು!"

ಮರುದಿನ ಒಗೆತ ಮುಗಿಸಿ ಇಬ್ಬರೂ ಗುದ್ದಲಿ ಹಿಡಿದೆವು. ಊಟೆಯ ಕೆಳಗೆ ಹುಲ್ಲು ಕೆತ್ತಿದರೆ, ಕಲ್ಲುಚಪ್ಪಡಿ ಮುಚ್ಚಿದ ಕಾಲುವೆ. ದಿನವೂ ಒಂದಿಷ್ಟು ಹೂಳು ತೆಗೆಯುತ್ತ ಇಳಿದೆವು. ಮನೆಯ ಹತ್ತಿರ ಬಂದಾಗ ಅದು ಹಂದಿದೊಡ್ಡಿಯ ಗೋಡೆಯಡಿ ನುಗ್ಗಿ, ಗೋಡೆ ಬಿಚ್ಚದೆ ತೆರವಾಗದಂತೆ ಅಲ್ಲೇ ಕಟ್ಟಿಕೊಂಡಿತ್ತು.

"ನಮ್ಮಪ್ಪ ಕಟ್ಟಿದ ಗೋಡೆ, ಕೆಡವಲ್ಲ" ಎಂದ ಏಮಸ್. "ಏನು, ನೀನೂ ತಲೆ ಬೋಳಿಸ್ಕೊಂಡು ಮಠ ಸೇರ್ತೀಯಾ?"

"ಸೇರಿದ್ರೆ ನೀರಾದ್ರೂ ಸಿಗುತ್ತೆ. ಇವತ್ತಿಂದ ಹಂದಿಗಳ ನೀರು ನಿಂದು." ಹೆಸ್ಟರ್ ಬಕೆಟ್‌ಗಳನ್ನು ಅವನ ಮುಂದಿಟ್ಟಳು.

ಏಮಸ್ ಹೊತ್ತ. ಹಂದಿಗಳು ಅಷ್ಟೊಂದು ಕುಡಿಯುತ್ತವೆಂದು ಅವನಿಗೆ ಗೊತ್ತೇ ಇರಲಿಲ್ಲ. ವಾರ ತುಂಬುವುದರೊಳಗೆ ಸೊಂಟ ಹಿಡಿದುಕೊಂಡು ಹಾರೆ ತಂದ, ಗೋಡೆಯ ಮೂಲೆಯನ್ನು ತಾನೇ ಬಿಚ್ಚಿದ. ಹೆಸ್ಟರ್ ಬಿಚ್ಚಿದ ಕಲ್ಲುಗಳನ್ನು ಬದಿಗೆ ಪೇರಿಸಿದಳು. ನನಗೆ ಮಾತ್ರ ನಗು ತಡೆಯಲಾಗಲಿಲ್ಲ.

ಬಾನಿಗೆ ಮೊದಲು ಕೆಸರು ಬಂತು, ಜೊತೆಗೆ ಒಂದು ಕಪ್ಪೆ, ಆಮೇಲೆ ಕೆಂಪು ನೀರು. ಭಾನುವಾರದ ಹೊತ್ತಿಗೆ ತಿಳಿಯಾಯಿತು. ಕೋಳಿಗಳು ಬೈದುಕೊಳ್ಳುತ್ತ ಬೇರೆ ಜಾಗ ಹುಡುಕಿದವು. ಹೆಸ್ಟರ್ ಅಂಗಿಯ ತೋಳು ಮಡಚಿ ಕೈ ತೊಳೆದಳು, ಯಾವ ಕೆಲಸಕ್ಕೂ ಅಲ್ಲ, ಸುಮ್ಮನೆ. ಆಮೇಲೆ ಬಾನಿಯ ಅಂಚಿನ ಮೇಲೆ ಕೂತಳು.

"ಟೀ ಇಲ್ವೇನೇ?" ಒಳಗಿನಿಂದ ಏಮಸ್ ಕೂಗಿದ.

"ನೀರು ಬಾಗಿಲಿಗೇ ಬಂದಿದೆಯಲ್ಲ. ಕೆಟಲ್ ಹಿಡ್ಕೊಂಡು ಬಾ."

ಗೊಣಗುತ್ತಲೇ ಬಂದ, ಕೆಟಲ್ ತುಂಬಿಸಿಕೊಂಡು ಒಳಗೆ ಹೋದ.