ಅಪ್ಪಯ್ಯನ ಕೈ ನಡುಗುತ್ತಿರಲಿಲ್ಲ

ಅಮ್ಮನಿಗೆ ಜಡೆ ಹಾಕುವುದನ್ನು ಅಪ್ಪಯ್ಯ ಬಿಟ್ಟದ್ದು ಕೈ ನಡುಕದಿಂದಲ್ಲ, ಬೇಸರದಿಂದಲೂ ಅಲ್ಲ. ನಾನು ಬಿಡಿಸಿದೆ. ಸುಳ್ಳು ಹೇಳಿ ಬಿಡಿಸಿದೆ. ಅಪ್ಪಯ್ಯ ಸಾಯುವವರೆಗೂ, ಸತ್ತು ಒಂದು ಮಳೆಗಾಲ ಕಳೆಯುವವರೆಗೂ ಅಮ್ಮನಿಗೆ ಇದು ಗೊತ್ತಿರಲಿಲ್ಲ.

ಆಗ ನಾವಿದ್ದದ್ದು ನರಸಿಂಹರಾಜಪುರದಲ್ಲಿ, ಒಂದು ಸಾಲುಮನೆಯ ಕೊನೆಯ ಭಾಗದಲ್ಲಿ. ಅಪ್ಪಯ್ಯ ಖಾಸಗಿ ಬಸ್ಸಿನ ಡ್ರೈವರ್. ಬೆಳಿಗ್ಗೆ ಹೊರಟರೆ ಕೊಪ್ಪ, ಶೃಂಗೇರಿ, ಮತ್ತೆ ವಾಪಸ್ಸು. ನಾನು ಹೈಸ್ಕೂಲಿನಲ್ಲಿದ್ದಾಗ ಅಮ್ಮನಿಗೆ ಸಂಧಿವಾತ ಹಿಡಿಯಿತು. ಬೆರಳುಗಳು ಸೊಟ್ಟಗಾದವು. ತೋಳು ಭುಜದಿಂದ ಮೇಲೆ ಏಳದಾಯಿತು. ಅವಳದು ಸೊಂಟ ದಾಟುವ ಕೂದಲು. ನಾನು ಬಾಚಲು ಹೋದರೆ ಅವಸರದಲ್ಲಿ ಎಳೆದು ನೋಯಿಸುತ್ತಿದ್ದೆ. ಹಾಗಾಗಿ ಆ ಕೆಲಸವನ್ನು ಅಪ್ಪಯ್ಯನೇ ವಹಿಸಿಕೊಂಡ.

ಮೊದಮೊದಲು ಬೈತಲೆ ಅಡ್ಡಾದಿಡ್ಡಿ ಹೋಗುತ್ತಿತ್ತು. ಆಮೇಲೆ ಕಲಿತ. ಖಾಕಿ ಅಂಗಿ ತೊಟ್ಟು, ಹೊರಡುವ ಮುಂಚೆ, ಬೆಳಕು ಚೆನ್ನಾಗಿ ಬೀಳುತ್ತದೆಂದು ಅಮ್ಮನನ್ನು ಹೊರಗಿನ ಮೆಟ್ಟಿಲ ಮೇಲೆ ಕೂರಿಸಿ, ಮೇಲಿನ ಮೆಟ್ಟಿಲಲ್ಲಿ ತಾನು ಕೂತು ಎಣ್ಣೆ ಹಚ್ಚುತ್ತಿದ್ದ. ಸಿಕ್ಕು ಬಿಡಿಸುವಾಗ ನೋಯದ ಹಾಗೆ ಬುಡದಲ್ಲಿ ಹಿಡಿದುಕೊಳ್ಳುತ್ತಿದ್ದ. ಬಸ್ಸಿಗೆ ಯಾರು ಹತ್ತಿದರು, ಕಂಡಕ್ಟರ್ ಯಾರ ಹತ್ತಿರ ಜಗಳ ಮಾಡಿದ — ಅದನ್ನೆಲ್ಲ ಹೇಳುತ್ತಿದ್ದ. ಅಮ್ಮ ನಗುತ್ತಿದ್ದಳು. ಇಡೀ ದಿನದಲ್ಲಿ ಅವಳು ನಗುತ್ತಿದ್ದದ್ದು ಬಹುಶಃ ಆ ಹೊತ್ತಿನಲ್ಲಿ ಮಾತ್ರ. ಇದು ನನಗೆ ಆಗ ಹೊಳೆಯಲಿಲ್ಲ — ಹೊಳೆದಿದ್ದರೂ...

ನನಗೆ ಅದನ್ನು ಕಂಡರೆ ಮೈಯೆಲ್ಲ ಮುಜುಗರ. ಅಷ್ಟರಲ್ಲಿ ನಾನು ಓದು ಮುಗಿಸಿ ಕೊಪ್ಪದ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದೆ, ಅಪ್ಪಯ್ಯನ ಬಸ್ಸಿನಲ್ಲೇ ಹೋಗುತ್ತಿದ್ದೆ. ಶೃಂಗೇರಿಯಿಂದ ಒಂದು ಸಂಬಂಧ ಬಂದಿತ್ತು. ದೇವಸ್ಥಾನದ ಹತ್ತಿರ ಹಣ್ಣುಕಾಯಿ ಅಂಗಡಿ ಇಟ್ಟುಕೊಂಡಿದ್ದ ಮನೆಯವರು. ಒಂದು ಬೆಳಿಗ್ಗೆ ಹುಡುಗನ ಸೋದರತ್ತೆ ನಮ್ಮೂರಲ್ಲಿ ಯಾರನ್ನೋ ನೋಡಲು ಬಂದವರು ನಮ್ಮ ಮನೆಗೂ ಬಂದರು. ಮೆಟ್ಟಿಲ ಮೇಲೆ ಅಮ್ಮ ಕೂದಲು ಹರವಿಕೊಂಡು ಕೂತಿದ್ದಾಳೆ, ಅಪ್ಪಯ್ಯನ ಹಲ್ಲಿನಲ್ಲಿ ರಿಬ್ಬನ್ನು. ಆಕೆ ನಗಲಿಲ್ಲ, ಜಡೆಯ ಬಗ್ಗೆ ಏನೂ ಅನ್ನಲಿಲ್ಲ. ಕಾಫಿ ಕುಡಿದು, ಅಮ್ಮನ ಔಷಧಿಯ ಬಗ್ಗೆ ವಿಚಾರಿಸಿ ಹೊರಟರು. ಅಷ್ಟೇ ನಡೆದದ್ದು.

ಎರಡು ದಿನ ಬಿಟ್ಟು ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ, ಜನ ಇಳಿದ ಮೇಲೆ, ನಾನು ಡ್ರೈವರ್ ಸೀಟಿನ ಹತ್ತಿರ ಹೋಗಿ ನಿಂತೆ.

"ಅಪ್ಪಯ್ಯ, ಆ ಹುಡುಗನ ಅತ್ತೆ ಎಲ್ಲಾ ಕಡೆ ಹೇಳ್ಕೊಂಡು ನಗಾಡ್ತಾ ಇದಾರಂತೆ. ನೀನು ಅಮ್ಮಂಗೆ ಜಡೆ ಹಾಕದನ್ನ."

ಯಾರೂ ನನಗೆ ಹಾಗೆ ಹೇಳಿರಲಿಲ್ಲ. ಆ ಗಳಿಗೆಯಲ್ಲಿ ನಾನೇ ಹುಟ್ಟಿಸಿಕೊಂಡ ಮಾತು ಅದು.

ಅಪ್ಪಯ್ಯ ಸಣ್ಣಗೆ ನಕ್ಕ. "ಒಳಗೆ ಕೂರ್ಸಿ ಹಾಕಿದ್ರಾಯ್ತು ಬಿಡು ಮಾರಾಯ್ತಿ."

"ಒಳಗೂ ಬೇಡ. ಗಂಡಸ್ರು ಮಾಡೋ ಕೆಲ್ಸನಾ ಅದು? ನೋಡಕ್ಕೆ ನಂಗೇ ಅಸಹ್ಯ ಆಗ್ತದೆ."

ಅಸಹ್ಯ — ಆ ಶಬ್ದವನ್ನೇ ಆಡಿದೆ. ಅವನ ನಗು ತಟ್ಟನೆ ಹೋಗಲಿಲ್ಲ, ಮುಖದಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ಉಳಿದುಕೊಂಡಿತ್ತು. ಸ್ಟೇರಿಂಗನ್ನು ಟವೆಲಿನಿಂದ ಒರೆಸಿದ. "ಆಯ್ತು," ಅಂದ. ನಾನು ಇಳಿಯುವಾಗ ಕರೆದು, "ಇದು ನೀ ಹೇಳಿದ್ದು ಅಂತ ಅಮ್ಮಂಗೆ ಗೊತ್ತಾಗದು ಬೇಡ," ಅಂದ.

ಮರುದಿನ ಅಮ್ಮನಿಗೆ ಅವನು ಹೇಳಿದ್ದು ಇಷ್ಟು: "ಯಾಕೋ ಕೈ ನಡುಗ್ತದೆ ಕಣೆ. ಹಿಡಿತ ಸಿಗಲ್ಲ."

ನಾನು ಒಳಗೆ ಬುತ್ತಿ ಕಟ್ಟುತ್ತಿದ್ದೆ. ಕೇಳಿಸಿತು. ಹೊರಗೆ ಬರಲಿಲ್ಲ.

ನನ್ನ ಮದುವೆಯವರೆಗೆ ನಾನೇ ಬಾಚಿದೆ. ಅದೇ ಹಣ್ಣುಕಾಯಿ ಅಂಗಡಿಯವರ ಮನೆಗೆ ಮದುವೆಯಾಗಿ ಶೃಂಗೇರಿಗೆ ಹೋದ ಮೇಲೆ ಅಮ್ಮ ಪಕ್ಕದ ಮನೆಯ ಸುಶೀಲಕ್ಕನನ್ನು ಕರೆದು ಕೂದಲನ್ನು ಕುತ್ತಿಗೆಯವರೆಗೆ ಕತ್ತರಿಸಿಕೊಂಡಳು. ಅಪ್ಪಯ್ಯ ಉಳಿದದ್ದನ್ನೆಲ್ಲ ಮಾಡುತ್ತಲೇ ಇದ್ದ — ಸ್ನಾನಕ್ಕೆ ನೀರು, ಅವಳ ಸೀರೆ ಒಗೆಯುವುದು, ಗಂಜಿ, ಮಾತ್ರೆ. ಒಂದು ಸಂಗತಿಯನ್ನು ನಾನು ತವರಿಗೆ ಹೋದಾಗೆಲ್ಲ ಕಂಡಿದ್ದೇನೆ: ಅಮ್ಮ ಎದುರಿಗಿದ್ದರೆ ಕಾಫಿ ಲೋಟವನ್ನು ಅವನು ಎರಡೂ ಕೈಯಲ್ಲಿ ಹಿಡಿದು ಕುಡಿಯುತ್ತಿದ್ದ. ಬಸ್‌ಸ್ಟ್ಯಾಂಡಿನಲ್ಲಾದರೆ ಒಂದೇ ಕೈ. ಅಷ್ಟು ವರ್ಷ ಆ ಸುಳ್ಳನ್ನು ಅವನು ನನಗಾಗಿ ಹೊತ್ತ. ನಾನು ನೋಡಿಯೂ — ನೋಡದವಳ ಹಾಗೆ ಇದ್ದೆ.

ಒಂದು ದಿನ ಅಪ್ಪಯ್ಯ ಕೊಪ್ಪದಲ್ಲಿ ಬಸ್ಸು ನಿಲ್ಲಿಸಿ ಇಳಿಯುವಾಗ ಎದೆ ಹಿಡಿದುಕೊಂಡು ಕುಸಿದನಂತೆ, ಅಲ್ಲೇ ಜೀವ ಹೋಯಿತಂತೆ. ಸುದ್ದಿ ನನ್ನ ಗಂಡನ ಮೊಬೈಲಿಗೆ ಬಂತು. ನಾನು ಆಗ ಅಂಗಡಿಯಲ್ಲಿ ಯಾರಿಗೋ ತೆಂಗಿನಕಾಯಿ ಕಟ್ಟಿಕೊಡುತ್ತಿದ್ದೆ. ಪೂರ್ತಿ ಕಟ್ಟಿ ಕೊಟ್ಟೆ. ಅಳು ಬರಲಿಲ್ಲ. ಸುಟ್ಟು ಬಂದ ದಿನವೂ ಬರಲಿಲ್ಲ, ಬಂದವರ ಮುಂದೆ ಸೆರಗು ಬಾಯಿಗೆ ಹಿಡಿದುಕೊಂಡು ಕೂತೆ. ಒಳಗೆ ಏನೂ ಇರಲಿಲ್ಲ. ಎಲ್ಲರೂ ಒಂದೇ ಮಾತು ಹೇಳಿದರು, ಇಂಥ ಗಂಡ ಯಾರಿಗೂ ಸಿಗುವುದಿಲ್ಲ ಎಂದು.

ಕಾರ್ಯಗಳೆಲ್ಲ ಮುಗಿದು ನೆಂಟರು ಹೋದ ಮೇಲೆ ಅಮ್ಮನಿಗೆ ತಲೆಗೆ ನೀರು ಹಾಕಿ ಒರೆಸುತ್ತಿದ್ದೆ. ಅವಳು ಗೋಡೆ ನೋಡುತ್ತ ಹೇಳಿದಳು:

"ಎಲ್ಲಾ ಮಾಡಿದ್ರು ನಿಮ್ಮಪ್ಪಯ್ಯ. ನನ್ನ ತಲೆ ಮುಟ್ಟದು ಮಾತ್ರ ಸಾಕಾಗಿತ್ತು ಅವ್ರಿಗೆ. ಕಾಯಿಲೆಯವಳ ತಲೆ ಎಷ್ಟು ದಿನ ಅಂತ ಮುಟ್ತಾರೆ, ಹೇಳು. ಕೈ ನಡುಗ್ತದೆ ಅಂದ್ರು. ಸ್ಟೇರಿಂಗ್ ಹಿಡಿಯೋವಾಗ ನಡುಗ್ತಿರ್ಲಿಲ್ವಾ? ನಾ ಕೇಳಕ್ಕೆ ಹೋಗ್ಲಿಲ್ಲ."

ಆಗ ಹೇಳಬೇಕಿತ್ತು. ಟವೆಲ್ ನನ್ನ ಕೈಯಲ್ಲೇ ಇತ್ತು, ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. "ನೀರು ತಣ್ಣಗಾಯ್ತಾ ಅಮ್ಮ?" ಅಂತ ಕೇಳಿದೆ.

ಹೇಳಲು ಮತ್ತೂ ಒಂದು ಮಳೆಗಾಲ ಕಳೆಯಬೇಕಾಯಿತು. ಏನಾದರೂ ಆಗಿ ಧೈರ್ಯ ಬಂತೆಂದಲ್ಲ. ಒಂದು ಮಧ್ಯಾಹ್ನ ಊಟ ಮಾಡಿಸಿ ಬಾಯಿ ಒರೆಸುವಾಗ ಸುಮ್ಮನೆ ಬಂದುಬಿಟ್ಟಿತು. ಬಸ್‌ಸ್ಟ್ಯಾಂಡು, ನಾನು ಹುಟ್ಟಿಸಿದ ಮಾತು, ಆ ಶಬ್ದ — ಒಂದನ್ನೂ ಬಿಡಲಿಲ್ಲ. ನನ್ನ ದನಿ ಯಾರದೋ ಮನೆಯ ಸುದ್ದಿ ಹೇಳುವ ಹಾಗೆ ಇತ್ತು.

ಅಮ್ಮ ಬಾಯಿ ಒರೆಸುತ್ತಿದ್ದ ನನ್ನ ಕೈಯನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಕೇಳಿದಳು: "ನೀ ಹಾಗಂದಾಗ ಅವ್ರು ಎಂತ ಅಂದ್ರು?"

"ಆಯ್ತು ಅಂದ."

"ಅಷ್ಟೇನಾ?"

"ನಿಂಗೆ ಗೊತ್ತಾಗದು ಬೇಡ ಅಂದ."

ಅವಳು ತನ್ನ ಸೊಟ್ಟ ಬೆರಳುಗಳನ್ನು ಮಡಿಲಲ್ಲಿ ಒಂದರ ಮೇಲೊಂದು ಇಟ್ಟುಕೊಂಡಳು. "ಇಷ್ಟು ವರ್ಷ ನಾನು ಅವ್ರ ಮೇಲೆ ಒಳಗೊಳಗೇ ಸಿಟ್ಟು ಇಟ್ಕೊಂಡು..." ಅಂದವಳು ಅಲ್ಲಿಗೇ ನಿಲ್ಲಿಸಿದಳು. ಆಮೇಲೆ, "ನಿಂಗೆ ಬಸ್ಸಿಗೆ ಹೊತ್ತಾಯ್ತು. ಹೋಗು," ಅಂದಳು.

ಆ ಮಾತನ್ನು ಅವಳು ಮತ್ತೆ ಎತ್ತಿಲ್ಲ. ಕ್ಷಮಿಸಿದೆಯಾ ಎಂದು ನಾನು ಕೇಳಿಲ್ಲ. ಕೇಳುವ ಹಕ್ಕು ನನಗಿದೆ ಅನ್ನಿಸುವುದಿಲ್ಲ. ವಾರಕ್ಕೊಮ್ಮೆ ಹೋಗುತ್ತೇನೆ, ಉಳಿದ ದಿನ ಸುಶೀಲಕ್ಕ ನೋಡಿಕೊಳ್ಳುತ್ತಾರೆ. ಮಕ್ಕಳನ್ನು ಕೇಳುತ್ತಾಳೆ, ಅಂಗಡಿಯ ವ್ಯಾಪಾರ ಕೇಳುತ್ತಾಳೆ, ಉಂಡು ಹೋಗು ಎನ್ನುತ್ತಾಳೆ. ತಲೆ ಬಾಚುವ ಹೊತ್ತಿಗೆ ಮಾತ್ರ ಕಿಟಕಿಯ ಹತ್ತಿರ ಹೋಗಿ ಸುಶೀಲಕ್ಕನನ್ನು ಕರೆಯುತ್ತಾಳೆ. ನಾನು ಅಲ್ಲೇ ಇರುತ್ತೇನೆ. ಸುಶೀಲಕ್ಕ ಒಮ್ಮೆ, "ಮಗಳು ಬಂದಿದಾಳಲ್ಲ, ನಾನ್ಯಾಕೆ?" ಅಂದರು. ಅಮ್ಮ ಬಾಚಣಿಗೆ ಅವರ ಕೈಗೇ ಕೊಟ್ಟು, ಅವರ ಕಡೆ ಬೆನ್ನು ಮಾಡಿ ಕೂತಳು.

ನಾನು ಅಡುಗೆಮನೆಗೆ ಹೋಗಿ ಅವಳ ಸ್ನಾನಕ್ಕೆ ನೀರು ಕಾಯಲು ಇಟ್ಟೆ.