ಹಿಂದಿನ ಸೀಟಿನ ಪ್ಲಾಸ್ಟಿಕ್

ನಾವು ಬಿದ್ದದ್ದು ಎಡಕ್ಕೆ. ಬಲಕ್ಕೆ ಬಿದ್ದೆವು ಎಂದು ಹೇಳುವವರು ಊರಿನಲ್ಲಿ ಈಗಲೂ ಇದ್ದಾರೆ, ಆದರೆ ಅವರಾರೂ ಅಲ್ಲಿರಲಿಲ್ಲ. ಕುಲಗೋಡದಿಂದ ಗೋಕಾಕಕ್ಕೆ ಹೋಗುವ ರಸ್ತೆ, ಬುಧವಾರ ಬೆಳಿಗ್ಗೆ. ಕಬ್ಬಿನ ಟ್ರ್ಯಾಕ್ಟರಿನಿಂದ ಉದುರಿದ್ದ ನಾಲ್ಕೈದು ಕಬ್ಬುಗಳ ಮೇಲೆ ನಮ್ಮ ಮೋಟರ್ ಸೈಕಲ್ಲಿನ ಮುಂದಿನ ಗಾಲಿ ಹತ್ತಿತು. ನಾನು ಮುಂದೆ, ಹೆಂಡತಿ ಹಿಂದೆ, ನಡುವೆ ಹಳೆಯ ಸೀರೆಯಲ್ಲಿ ಸುತ್ತಿದ್ದ ನಮ್ಮ ಮುದಿ ನಾಯಿ. ವೇಗ ಹೆಚ್ಚಿರಲಿಲ್ಲ, ಸೈಕಲ್ ತುಳಿಯುವವನೊಬ್ಬ ಆಗಷ್ಟೇ ನಮ್ಮನ್ನು ಹಿಂದೆ ಹಾಕಿ ಹೋಗಿದ್ದ. ನನ್ನ ಮೊಣಕೈ ತರಚಿತು, ನಾಯಿಯ ಗದ್ದ ಕೆತ್ತಿತು, ಹೆಂಡತಿಯ ಒಂದು ಚಪ್ಪಲಿ ಹೊಲದೊಳಗೆ ಹಾರಿ ಇವತ್ತಿಗೂ ಸಿಕ್ಕಿಲ್ಲ.

ಎದ್ದು ನೋಡಿದಾಗ ನಾಯಿ ರಸ್ತೆಯ ನಡುವೆ ಸೀರೆಯನ್ನು ಹೊದ್ದುಕೊಂಡು ನನ್ನನ್ನೇ ನೋಡುತ್ತ ನಿಂತಿತ್ತು. ಅದರ ಹಿಂದೆ ಇನ್ನೊಂದು ಟ್ರ್ಯಾಕ್ಟರ್ ಬರುತ್ತಿತ್ತು. ಅದು ನಿಂತಿತು. ನಾಯಿಯಿಂದ ಎಷ್ಟು ದೂರದಲ್ಲಿ ನಿಂತಿತು ಎಂಬುದನ್ನು ಮೂರು ದಿನ ಬಿಟ್ಟು ಹೋಗಿ ಅಳೆದು ಬಂದೆ: ಐದೂವರೆ ಅಡಿ. ಮೂವತ್ತು ವರ್ಷ ಸರ್ವೆ ಇಲಾಖೆಯಲ್ಲಿ ಹೊಲ ಅಳೆದವನು ನಾನು. ಅಳೆದರೆ ಸಮಾಧಾನವಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ.

ಆ ನಾಯಿಯನ್ನು ನಾವು ಮುದುಕಿ ಎಂದೇ ಕರೆಯುತ್ತೇವೆ. ಅದರ ಹೊಟ್ಟೆಯ ಕೆಳಗೆ ಗಡ್ಡೆಯಾಗಿತ್ತು. ವಾರಕ್ಕೊಂದರಂತೆ ಆರು ಇಂಜೆಕ್ಷನ್, ಅದೂ ಗೋಕಾಕದಲ್ಲಿ ಮಾತ್ರ. ಮೊದಲನೆಯದು ಆಗಿತ್ತು. ಎರಡನೆಯದಕ್ಕೆ ಹೋಗುವಾಗ ಬಿದ್ದೆವು. ನಾಯಿ ಡಾಕ್ಟರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು, ಫೋನಿನಲ್ಲಿ ನಿಧಾನವಾಗಿ ಹೇಳಿದಳು: "ಕಾಕಾ, ಈ ವಾರ ತಪ್ಪಿತು, ಇರಲಿ. ಮುಂದಿನ ಬುಧವಾರನೂ ತಪ್ಪಿದ್ರ ಮೊದಲಿಂದ ಶುರು ಮಾಡಬೇಕಾಗತೈತಿ. ಅದನ್ನ ತಡಕೊಳ್ಳೂ ವಯಸ್ಸಲ್ಲ ಆಕಿದು."

ಮೋಟರ್ ಸೈಕಲ್ ಕಂಡರೆ ಮುದುಕಿ ಹಿತ್ತಲಿಗೆ ಓಡುತ್ತಿತ್ತು. ನಾನು ಓಡುತ್ತಿರಲಿಲ್ಲ, ಆದರೆ ಹ್ಯಾಂಡಲ್ ಹಿಡಿದರೆ ಕೈ ನಡುಗುತ್ತಿತ್ತು. ಬಸ್ಸಿನಲ್ಲಿ ನಾಯಿಯನ್ನು ಹತ್ತಿಸಿಕೊಳ್ಳುವುದಿಲ್ಲ. ಟಂಟಂ ರಿಕ್ಷಾದವನು ತನ್ನ ಗಾಡಿಯಲ್ಲಿ ಮಂದಿ ಕೂಡುತ್ತಾರೆ ಎಂದ. ಹೀಗೆ, ಐದಾರು ವರ್ಷಗಳಿಂದ ಮಾತಿನಲ್ಲೇ ಉಳಿದಿದ್ದ ಕಾರನ್ನು ಐದಾರು ದಿನಗಳಲ್ಲಿ ಕೊಳ್ಳಬೇಕಾಯಿತು.

ಮೊದಲು ನಾಯಿಗಳನ್ನು ಅಳೆದೆ. ನಾಯಿಗಳು ಎರಡು. ಮುದುಕಿಯ ಮಗ ಅದನ್ನು ಬಿಟ್ಟಿರುವುದಿಲ್ಲ. ಮೊದಲ ಇಂಜೆಕ್ಷನ್ನಿನ ದಿನ ಅವನು ಊಳಿಟ್ಟದ್ದಕ್ಕೆ ಓಣಿಯವರು ಯಾರೋ ತೀರಿಹೋದರೆಂದು ಬಂದಿದ್ದರು. ಇಬ್ಬರೂ ಉದ್ದ ಕಾಲಿನವರು. ಮಲಗಿದಾಗ ಎಷ್ಟು ಉದ್ದ, ಕುಳಿತಾಗ ಕಿವಿಯ ತುದಿಯವರೆಗೆ ಎಷ್ಟು ಎತ್ತರ, ಮುದುಕಿ ಮುಂಗಾಲನ್ನು ನೋವಿಲ್ಲದೆ ಎಷ್ಟರವರೆಗೆ ಎತ್ತಬಲ್ಲದು, ಎಲ್ಲವನ್ನೂ ಚೀಟಿಯಲ್ಲಿ ಬರೆದುಕೊಂಡೆ. ಗೋಕಾಕದಲ್ಲಿ ಹಳೆಯ ಕಾರು ಮಾರುವ ಜಾಗದಲ್ಲಿ ಏಳು ಕಾರುಗಳ ಹಿಂದಿನ ಸೀಟನ್ನು ಟೇಪು ಹಿಡಿದು ಅಳೆದೆ. ಎಂಜಿನ್ನಿನ ಬಗ್ಗೆ ನಾನು ಒಂದು ಮಾತೂ ಕೇಳದ್ದನ್ನು ನೋಡಿ ಅಲ್ಲಿಯವನು, "ಸರ, ಕಾರ ಒಯ್ಯಾಕ ಬಂದೀರೋ, ಮಂಚ ಮಾಡಿಸಾಕ ಬಂದೀರೋ?" ಎಂದ.

ಚೀಟಿಗೆ ಸರಿಹೊಂದುವ ಕಾರು ಸಿಕ್ಕಿದ್ದು ಹುಕ್ಕೇರಿಯಲ್ಲಿ, ಕಿರಾಣಿ ಅಂಗಡಿಯವರೊಬ್ಬರ ಮನೆಯಲ್ಲಿ. ಸಣ್ಣ ಬಿಳಿ ಕಾರು. ಬಾಗಿಲು ಅಗಲ, ನೆಲ ತಗ್ಗು, ಕಿವಿಯ ಮೇಲೆ ಇನ್ನೂ ಮೂರು ಬೆರಳು ಜಾಗ. ಅವರ ಮನೆಗೆ ದೊಡ್ಡ ಗಾಡಿ ಬಂದು, ಇದನ್ನು ನಿಲ್ಲಿಸಲು ನೆರಳಿರಲಿಲ್ಲ. ಬಿಸಿಲಿನಲ್ಲಿ ನಿಲ್ಲಿಸುವುದಕ್ಕಿಂತ ಮಾರುವುದೇ ಮೇಲೆಂದು ಅವರು ತೀರ್ಮಾನಿಸಿದ್ದರು. ಬಾಗಿಲನ್ನು ಎರಡು ಬೆರಳಿನಿಂದ ತೆರೆದು ಹೆಂಡತಿಗೆ ತೋರಿಸಿದರು.

"ಆರ ವರ್ಷ ಆತ್ರಿ. ಸೀಟಿನ ಪ್ಲಾಸ್ಟಿಕ್ ಇನ್ನೂ ಬಂದಾಗಿನದ ಐತಿ. ನೋಡ್ರಿ ವೈನಿ, ಒಂದ ಗೀರ ಸೈತ ಇಲ್ಲ."

ನನ್ನ ಹೆಂಡತಿ ಪ್ಲಾಸ್ಟಿಕ್ಕಿನ ಮೇಲೆ ಕೈಯಾಡಿಸಿದಳು. ನಮ್ಮ ಮನೆಯ ಟಿವಿ ರಿಮೋಟು ಹನ್ನೊಂದು ವರ್ಷದಿಂದ ಅದರ ಚೀಲದೊಳಗೇ ಇದೆ. ಕಾರು ಆಗಲೇ ನಮ್ಮದಾಯಿತೆಂದು ನನಗೆ ತಿಳಿಯಿತು. ಮನೆಯಲ್ಲಿ ಎಷ್ಟು ಮಂದಿ ಎಂದು ಅಂಗಡಿಯವರು ಕೇಳಿದರು. ನಾಲ್ಕು ಎಂದಳು. ಹಿಂದೆ ಕೂರುವವರು ಹೇಗೆ ಎಂದು ಕೇಳಿದ್ದಕ್ಕೆ, ಒಬ್ಬಳು ವಯಸ್ಸಾದವಳು, ಮಿಸುಕುವುದಿಲ್ಲ, ಸಣ್ಣವನಿಗೆ ಮಾತ್ರ ಕಿಡಕಿ ಬೇಕು ಎಂದಳು. ಅಲ್ಲಿಗೆ ನನಗೆ ತಡೆಯಲಾಗಲಿಲ್ಲ. "ನಾಯಿ ಅದಾವ್ರಿ," ಎಂದೆ.

ಅಂಗಡಿಯವರು ಬಾಗಿಲನ್ನು ಮೆಲ್ಲಗೆ ಮುಚ್ಚಿದರು. ಆಮೇಲೆ, ಉಗುರು ಕತ್ತರಿಸಿದ್ದೀರೋ ಹೇಗೆ ಎಂದು ಕೇಳಿದರು. ಕತ್ತರಿಸುತ್ತೇವೆ ಎಂದೆ. ಅವರು ನನ್ನನ್ನು ಬಿಟ್ಟು ಹೆಂಡತಿಯ ಕಡೆ ತಿರುಗಿದರು.

"ವೈನಿ, ನೀವ ಒಂದ ಮಾತ ಕೊಡ್ರಿ. ಪ್ಲಾಸ್ಟಿಕ್ ಹರಿಯೂದಿಲ್ಲ ಅಂತ."

ಹೆಂಡತಿ ಮಾತು ಕೊಟ್ಟಳು. ಕೊಡುವಾಗ ಅವಳ ದನಿಯಲ್ಲಿ ಅನುಮಾನವಿರಲಿಲ್ಲ, ಇದನ್ನು ನಾನು ಕಂಡಂತೆ ಬರೆಯುತ್ತಿದ್ದೇನೆ. ಮನೆಗೆ ಬರುವಾಗ ಗೋಕಾಕ ಫಾಲ್ಸಿನ ತಿರುವುಗಳಲ್ಲಿ ಎಡಕ್ಕೆ ತಿರುಗಿದರೆ ಅವಳು ಪ್ಲಾಸ್ಟಿಕ್ಕಿನ ಮೇಲೆ ಜಾರಿ ನನ್ನ ಮೇಲೆ ಬರುತ್ತಿದ್ದಳು, ಬಲಕ್ಕೆ ತಿರುಗಿದರೆ ಬಾಗಿಲಿಗೆ ಹೋಗುತ್ತಿದ್ದಳು. ಅದರಿಂದ ಏನನ್ನಾದರೂ ಕಲಿಯಬೇಕಿತ್ತು. ಇಬ್ಬರೂ ಕಲಿಯಲಿಲ್ಲ.

ಮಂಗಳವಾರದೊಳಗೆ ಕಾರು ಸಜ್ಜಾಯಿತು. ಮುಂದಿನ ಮತ್ತು ಹಿಂದಿನ ಸೀಟಿನ ನಡುವೆ ಕಾಲಿಡುವ ತಗ್ಗಿಗೆ ನಾಯಿ ಬೀಳಬಾರದೆಂದು ಬಡಿಗನಿಂದ ಹಲಗೆ ಕೂಡಿಸಿದೆ. ಹತ್ತಲು ಒಂದು ಮೆಟ್ಟಿಲು ಮಾಡಿಸಿದೆ, ಎತ್ತರ ಚೀಟಿಯಲ್ಲಿದ್ದಷ್ಟೇ. ಕೊರಳಪಟ್ಟಿಗಳನ್ನು ಸೀಟ್ ಬೆಲ್ಟಿಗೆ ಸಿಕ್ಕಿಸಲು ಎರಡು ಗಿಡ್ಡ ಹಗ್ಗ, ನೀರಿಗೆ ಒಂದು ಬಟ್ಟಲು, ವಾಂತಿಗೆ ಹಳೆಯ ಪತ್ರಿಕೆ.

ಬಾಗಿಲು ತೆರೆದೊಡನೆ ಮಗ ಹಾರಿ ಡ್ರೈವರ್ ಸೀಟಿನಲ್ಲಿ ಕುಳಿತ. ಮುದುಕಿ ಮೆಟ್ಟಿಲು ಹತ್ತಿತು, ಮುಂಗಾಲನ್ನು ಸೀಟಿನ ಮೇಲಿಟ್ಟಿತು. ಪ್ಲಾಸ್ಟಿಕ್ ಕರಕರ ಎಂದಿತು, ಎರಡೂ ಕಾಲು ಎರಡು ದಿಕ್ಕಿಗೆ ಜಾರಿದವು, ಗಾಯವಾಗಿದ್ದ ಗದ್ದವೇ ಹೋಗಿ ಸೀಟಿಗೆ ಬಡಿಯಿತು. ಮುದುಕಿ ಕೂಗಲಿಲ್ಲ. ಕೆಳಗಿಳಿದು ನನ್ನನ್ನು ನೋಡಿತು. ಅಂದು ರಸ್ತೆಯಲ್ಲಿ ನೋಡಿದ್ದ ನೋಟವೇ. ಆಮೇಲೆ ಬೇವಿನ ಗಿಡದ ಹಿಂದೆ ಹೋಗಿ ಮಲಗಿತು.

ಹೆಂಡತಿ ಕೌದಿ ತಂದು ಸೀಟಿನ ಮೇಲೆ ಹಾಸಿದಳು. ಅವಳ ಹಳೆಯ ಸೀರೆಗಳನ್ನು ಪದರ ಪದರವಾಗಿ ಹೊಲಿದದ್ದು ಅದು, ಮುದುಕಿಗೆ ಮರಿಯಾಗಿದ್ದಾಗಿನಿಂದ ಗೊತ್ತಿರುವ ಹಾಸಿಗೆ. ಬೆಲ್ಲ ತೋರಿಸಿ ಕರೆದೆವು. ಹತ್ತಿತು. ಕೌದಿ ಪ್ಲಾಸ್ಟಿಕ್ಕಿನ ಮೇಲೆ ಜಾರಿತು, ಕೌದಿಯ ಜೊತೆ ಮುದುಕಿಯೂ ಜಾರಿ ಹಲಗೆಯ ಮೇಲೆ ಬಂದು ಕುಳಿತಿತು. ಆಮೇಲೆ ಬೆಲ್ಲಕ್ಕೂ ಬರಲಿಲ್ಲ.

ಬುಧವಾರ ಬೆಳಿಗ್ಗೆ ಎಂಟಕ್ಕೆ ಹೊರಡಬೇಕಿತ್ತು. ಎಂಟೂಕಾಲಾದರೂ ಮುದುಕಿ ಗಿಡದ ಹಿಂದೆ, ಮಗ ಸ್ಟೀರಿಂಗಿನ ಹಿಂದೆ. ಎತ್ತಿ ಕೂರಿಸೋಣವೆಂದು ಹೋದೆ. ನನ್ನ ಕೈ ಮುಟ್ಟಿದೊಡನೆ ಅದರ ಮೈ ನಡುಗತೊಡಗಿತು. ಯಾರ ನಡುಕ ಯಾರಿಗೆ ಹತ್ತಿತೋ, ಖಚಿತವಾಗಿ ಹೇಳಲಾರೆ. ಬಿಟ್ಟುಬಿಟ್ಟೆ.

ಹೆಂಡತಿ ಒಳಗಿನಿಂದ ಕತ್ತರಿ ತಂದಳು. ನಾನು ಏನೋ ಹೇಳಲು ಬಾಯಿ ತೆರೆದೆ.

"ಮಾತ ಕೊಟ್ಟಾಕಿ ನಾನ. ನೀವ ಸುಮ್ಮ ನಿಂದರ್ರಿ," ಎಂದಳು.

ಅವಳು ಹರಿಯಲಿಲ್ಲ. ರವಿಕೆಯ ಬಟ್ಟೆ ಕತ್ತರಿಸುವಂತೆ ಹೊಲಿಗೆಯ ಗುಂಟ, ಒಂದಿಂಚನ್ನೂ ಕೆಡಿಸದೆ, ಹಿಂದಿನ ಸೀಟಿನದನ್ನು ಮಾತ್ರ ಬಿಡಿಸಿದಳು. ಒರೆಸಿದಳು, ಮಡಚಿದಳು, ಟ್ರಂಕಿನಲ್ಲಿ ಮದುವೆಯ ಸೀರೆಯ ಕೆಳಗಿಟ್ಟು ಬಂದಳು. ಕೆಳಗೆ ಬೂದುಬಣ್ಣದ ಬಟ್ಟೆಯಿತ್ತು. ಅದರ ಮೇಲೆ ಕೌದಿ ಕದಲದೆ ಕುಳಿತಿತು. ಮುದುಕಿ ಬಂದು ಮೂಸಿತು. ಒಂದು ಕಾಲಿಟ್ಟು ಕಾಯಿತು. ಇನ್ನೊಂದು ಕಾಲಿಟ್ಟಿತು. ನಾವಿಬ್ಬರೂ ಉಸಿರು ಬಿಟ್ಟದ್ದು ಅದು ನಾಲ್ಕೂ ಕಾಲು ಒಳಗಿಟ್ಟು ಮೂರು ಸುತ್ತು ತಿರುಗಿ ಮಲಗಿದ ಮೇಲೆ.

ಗೋಕಾಕ ತಲುಪುವುದರೊಳಗೆ ಕಬ್ಬು ತುಂಬಿದ ನಾಲ್ಕು ಟ್ರ್ಯಾಕ್ಟರುಗಳು ಹಾರ್ನ್ ಹಾಕಿ ನಮ್ಮನ್ನು ದಾಟಿ ಹೋದವು. ಹೋಗಲಿ ಎಂದು ಬಿಟ್ಟೆ. ಎರಡನೆಯ ಇಂಜೆಕ್ಷನ್ ಆಯಿತು.

ಅಂಗಡಿಯವರು ವಾರಕ್ಕೊಮ್ಮೆ ಫೋನ್ ಮಾಡಿ ಗಾಡಿಯ ಕ್ಷೇಮ ಕೇಳುತ್ತಿದ್ದರು. ನನ್ನ ಬಾಯಿಂದ ಇದ್ದದ್ದು ಇದ್ದಂತೆ ಬರುತ್ತದೆಂದು ಹೆಂಡತಿಯೇ ಫೋನ್ ಎತ್ತುತ್ತಿದ್ದಳು, ಎತ್ತಿ ಬೆಲ್ಲದ ದರ ಕೇಳುತ್ತಿದ್ದಳು. ಆರನೆಯ ಇಂಜೆಕ್ಷನ್ನಿನ ದಿನ ಅವರೇ ಬಂದು ಬಾಗಿಲಲ್ಲಿ ನಿಂತರು. ಬೀಗರ ಊರಿಗೆ ಬಂದಿದ್ದರಂತೆ. ನಾವು ಗೋಕಾಕಕ್ಕೆ ಹೊರಟಿದ್ದರೆ ಬಸ್‌ಸ್ಟ್ಯಾಂಡಿನವರೆಗೆ ಬರುತ್ತೇನೆಂದರು. ಅತಿಥಿಯೆಂದು ಮುಂದೆ ಕೂರಿಸಿದೆವು. ಹೆಂಡತಿ ಸೆರಗನ್ನು ಅಗಲವಾಗಿ ಹರಡಿ ನಾಯಿಗಳ ನಡುವೆ ಕುಳಿತಳು.

ಊರು ದಾಟುವ ತನಕ ಅವರು ಹಿಂದೆ ನೋಡಲಿಲ್ಲ. ಮೊದಲ ತಿರುವಿನಲ್ಲಿ ಜಾರಿ ಬಾಗಿಲಿಗೆ ಹೋದರು. ಎರಡನೆಯದರಲ್ಲಿ ಗೇರಿನ ಮೇಲೆ ಬಂದರು. ಹಾಗೆ ಬಂದಾಗ ಹಿಂದಿನ ಸೀಟು ಕಂಡಿತು.

"ಗಾಡಿ ನಿಂದರಸ್ರಿ," ಎಂದರು.

ನಿಲ್ಲಿಸಿದೆ. ಹೆಂಡತಿ ತಾನೇ ಕತ್ತರಿಸಿದ್ದೆಂದೂ, ಮುದುಕಿಯ ಜೀವದ ಪ್ರಶ್ನೆ ಇತ್ತೆಂದೂ, ಪ್ಲಾಸ್ಟಿಕ್ ಟ್ರಂಕಿನಲ್ಲಿ ಹಾಗೇ ಇದೆಯೆಂದೂ ಒಂದೇ ಉಸಿರಿನಲ್ಲಿ ಹೇಳಿದಳು. ಅವರು ಇಳಿದು ಹಿಂದಿನ ಬಾಗಿಲು ತೆರೆದರು. ಅವಳು ಮುಂದಕ್ಕೆ ಹೋಗಬೇಕಾಯಿತು. ಅಂಗಡಿಯವರು ಮುದುಕಿಯ ಪಕ್ಕ ಕುಳಿತು, ಕೌದಿಯ ಅಂಚು ಎತ್ತಿ, ಬೂದುಬಣ್ಣದ ಬಟ್ಟೆಯ ಮೇಲೆ ಅಂಗೈಯಿಟ್ಟು ಒತ್ತಿದರು.

"ಮೆತ್ತಗ ಐತಲ್ರಿ," ಎಂದರು. ಇನ್ನೊಮ್ಮೆ ಒತ್ತಿ, "ಆರ ವರ್ಷ ನನಗ ಗೊತ್ತ ಇರಲಿಲ್ಲ."

ಬಸ್‌ಸ್ಟ್ಯಾಂಡಿನಲ್ಲಿ ಅವರು ಇಳಿಯಲಿಲ್ಲ. ಆಸ್ಪತ್ರೆಗೇ ಬಂದರು, ಮಗನನ್ನು ಹಿಡಿದುಕೊಂಡು ಕಾರಿನಲ್ಲೇ ಕುಳಿತರು. ಡಾಕ್ಟರ್ ಇಂಜೆಕ್ಷನ್ ಕೊಟ್ಟು, ಮುದುಕಿಯ ಹೊಟ್ಟೆಯನ್ನು ಬಹಳ ಹೊತ್ತು ಒತ್ತಿ ನೋಡಿ, ಗಡ್ಡೆ ಕೈಗೆ ಸಿಗುತ್ತಿಲ್ಲ ಎಂದಳು. "ಮುಂದಿನ ಬುಧವಾರ ಬರೂದ ಬ್ಯಾಡ ಕಾಕಾ." ಖರೆ ಏನು ಎಂದು ನಾನು ಎರಡು ಸಲ ಕೇಳಿದೆ.

ಹೊರಗೆ ಬಂದರೆ ಅಂಗಡಿಯವರು ಮುಂದಿನ ಸೀಟಿಗೆ ಬಾಗಿ, ಅಲ್ಲಿನ ಪ್ಲಾಸ್ಟಿಕ್ಕಿನ ಮೂಲೆಯನ್ನು ಉಗುರಿನಿಂದ ಎಬ್ಬಿಸುತ್ತಿದ್ದರು.

"ಅದ ಇರಲ್ರಿ," ಎಂದಳು ಹೆಂಡತಿ. "ಗಾಡಿ ಈಗ ನಮ್ಮದೈತಿ."

ಅವರನ್ನು ಹುಕ್ಕೇರಿ ಬಸ್ಸಿಗೆ ಬಿಟ್ಟು, ಹೆಂಡತಿ ಮತ್ತೆ ಹಿಂದೆ ಹೋಗಿ ಕುಳಿತ ಮೇಲೆ ಊರಿಗೆ ಹೊರಟೆವು. ನಾನು ಪ್ರತಿ ತಿರುವಿನಲ್ಲೂ ಸ್ವಲ್ಪ ಸ್ವಲ್ಪ ಜಾರುತ್ತಲೇ ಇದ್ದೆ. ಕನ್ನಡಿಯಲ್ಲಿ ನೋಡಿದೆ: ಮುದುಕಿ ಹೆಂಡತಿಯ ತೊಡೆಯ ಮೇಲೆ ಗದ್ದವಿಟ್ಟು ನಿದ್ದೆ ಮಾಡುತ್ತಿತ್ತು. ಬಿದ್ದ ಜಾಗ ಯಾವಾಗ ದಾಟಿತೋ ನನಗೆ ತಿಳಿಯಲಿಲ್ಲ.